ಹೊಡೆದದ್ದು ಯಾರು ಅಂತಲ್ಲ, ಎಲ್ಲಿ ಅಂತ ಕೇಳಿ

ರಾತ್ರಿ ಡ್ಯೂಟಿಯಲ್ಲಿ ಮುಖಕ್ಕೆ ಹೊಲಿಗೆ ಹಾಕುತ್ತಾ "ಹೇಗಾಯ್ತು?" ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, "ಬಿದ್ದೆ ಡಾಕ್ಟ್ರೇ". ಬಿದ್ದ ಗಾಯ ಯಾವುದು, ಒಡೆದ ಗಾಜು ಸೀಳಿದ ಗಾಯ ಯಾವುದು ಅಂತ ನಮಗೆ ನೋಡಿದರೇ ಗೊತ್ತಾಗುತ್ತದೆ. ಆದರೆ ಕೇಸು ಬೇಡ, ಹೊಡೆದವನ ಭಯ ಬೇರೆ. ಅಲ್ಲಿಗೆ ಮಾತು ಮುಗಿಯಿತು.

ವೇಲ್ಸ್‌ನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಫರ್ಡ್ ಅನ್ನುವ ಮುಖ-ದವಡೆ ಸರ್ಜನ್‌ ಗಮನಿಸಿದ್ದೂ ಇದನ್ನೇ. ಏಟು ತಿಂದು ಆಸ್ಪತ್ರೆಗೆ ಬಂದವರಲ್ಲಿ ಹೆಚ್ಚಿನವರ ವಿಷಯ ಪೊಲೀಸರಿಗೆ ಗೊತ್ತೇ ಇರುತ್ತಿರಲಿಲ್ಲ. ಶೆಫರ್ಡ್ ಮಾಡಿದ್ದು ಬಹಳ ಸರಳ. ಚೀಟಿ ಬರೆಯುವ ಸಿಬ್ಬಂದಿಯೇ ಎಲ್ಲಿ, ಯಾವಾಗ, ಯಾವುದರಿಂದ ಅಂತ ಕೇಳಿ ಬರೆದುಕೊಂಡರು, ಹೆಸರು ಬಿಟ್ಟು ಉಳಿದದ್ದನ್ನು ಪೊಲೀಸರಿಗೂ ನಗರಾಡಳಿತಕ್ಕೂ ಕೊಟ್ಟರು. ಗಲಾಟೆ ಪದೇ ಪದೇ ಆಗುವ ಬೀದಿ, ಬಾರು, ಹೊತ್ತು ಕಣ್ಣಿಗೆ ಬಿತ್ತು. ಗಸ್ತು ಅಲ್ಲಿಗೆ ಹೋಯಿತು, ಗಾಜಿನ ಲೋಟದ ಬದಲು ಪ್ಲಾಸ್ಟಿಕ್ ಬಂತು. 2011ರಲ್ಲಿ ಪ್ರಕಟವಾದ ಲೆಕ್ಕ ನೋಡಿ: ಅದೇ ಥರದ 14 ಊರುಗಳಿಗೆ ಹೋಲಿಸಿದರೆ, ಹಲ್ಲೆಯ ಗಾಯದಿಂದ ಆಸ್ಪತ್ರೆಯಲ್ಲಿ ದಾಖಲಾಗುವುದು ಶೇ 42ರಷ್ಟು ಕಡಿಮೆ. ತಮಾಷೆ ಅಂದರೆ ಪೊಲೀಸ್ ದಾಖಲೆಯಲ್ಲಿ ಸಣ್ಣ ಹಲ್ಲೆಗಳು ಜಾಸ್ತಿಯಾದವು. ತಳ್ಳಾಟದ ಹಂತದಲ್ಲೇ ಪೊಲೀಸರು ನಡುವೆ ಬಂದರೆ ಹಾಗೇ ಅಲ್ವಾ ಆಗುವುದು! ಬರೀ ಠಾಣೆಯ ಅಂಕಿ ಹಿಡಿದು "ಹಿಂಸೆ ಹೆಚ್ಚಾಯಿತು" ಅನ್ನುವವರ ಮಾತನ್ನು ನಾನು ಅಷ್ಟಾಗಿ ನಂಬದಿರುವುದು ಇದಕ್ಕೇ.

ಅಮೆರಿಕದ ಫಿಲಡೆಲ್ಫಿಯಾ ನಗರದ ಪ್ರಯೋಗವೂ ನನಗೆ ಇಷ್ಟ. 541 ಪಾಳು ಸೈಟುಗಳಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕಸ ತೆಗೆದರು, ಹುಲ್ಲು ಬೆಳೆಸಿ ಗಿಡ ನೆಟ್ಟರು, ಗಿಡ್ಡನೆಯ ಮರದ ಬೇಲಿ ಹಾಕಿದರು. ಬಡವರ ಬಡಾವಣೆಗಳಲ್ಲಿ ಬಂದೂಕಿನ ಹಿಂಸೆ ಶೇ 29ರಷ್ಟು ಇಳಿಯಿತು ಅಂತ 2018ರಲ್ಲಿ ವರದಿಯಾಯಿತು. ಅಲ್ಲಿ ಯಾರ ಸ್ವಭಾವವನ್ನೂ ಯಾರೂ ತಿದ್ದಲಿಲ್ಲ. ಪೊದೆ ಇಲ್ಲದಿದ್ದರೆ ಬಂದೂಕು ಬಚ್ಚಿಡುವುದು ಕಷ್ಟ, ಜನ ಹೊರಗೆ ಬಂದು ಕೂತರೆ ಇನ್ನೂ ಕಷ್ಟ.

ಮನೆಯೊಳಗಿನ ಹೊಡೆತಕ್ಕೆ ಮಾತ್ರ ಗಲಾಟೆಯ ಜಾಗ ಗುರುತಿಸುವ ಈ ದಾರಿ ಸಾಲದು, ಅಲ್ಲಿ ಜಾಗ ಯಾವತ್ತೂ ಒಂದೇ. ಅಂಥವರನ್ನು ಜೊತೆಗೆ ಬಂದವರಿಂದ ಬೇರೆ ಕೂರಿಸಿ, ಬಾಗಿಲು ಹಾಕಿ ಕೇಳಬೇಕು. ಗಂಡ ಪಕ್ಕದಲ್ಲೇ ನಿಂತಿದ್ದರೆ ಅವಳೂ "ಬಿದ್ದೆ" ಅಂತಲೇ ಹೇಳುತ್ತಾಳೆ.