ಪೆನ್ಸಿಲ್ ದಪ್ಪದ ಕಡ್ಡಿ ಹೇಳೋ ಕಥೆ: ಸ್ಟೇರಿಂಗ್ ಯಾಕೆ ಬಿಗಿಯಾಗತ್ತೆ?

ಪವರ್ ಸ್ಟೇರಿಂಗ್ ಬಿಗಿ ಆಯ್ತು ಅಂದ್ರೆ ಸಾಕು, ನೋಡಿದವರೆಲ್ಲ ಹೇಳೋದು ಒಂದೇ ಮಾತು, "ಪಂಪ್ ಹೋಗಿದೆ", ಅಂದ್ರೆ ಸ್ಟೇರಿಂಗ್ ಹಗುರ ಮಾಡೋಕೆ ಆಯಿಲ್ ಒತ್ತೋ ಪಂಪ್. ನನ್ನ ಹಳೇ ಕಾರಿಗೂ ಹಂಗೇ ಅಂತ ಪಂಪ್ ಬದಲಾಯಿಸಿದ್ರು, ದುಡ್ಡು ಕೊಟ್ಟು ಗಾಡಿ ತಗೊಂಡು ಹೊರಟೆ, ಮೊದಲನೇ ತಿರುವಲ್ಲೇ ಮತ್ತೆ ಅದೇ ಬಿಗಿ. ಗಾಡಿ ಪಕ್ಕಕ್ಕೆ ಹಾಕಿ ನಿಧಾನಕ್ಕೆ ಸ್ಟೇರಿಂಗ್ ತಿರುಗಿಸ್ತಾ ಕೂತೆ. ಒಂದು ಪೂರ್ತಿ ಸುತ್ತಲ್ಲಿ ಸರಿಯಾಗಿ ಎರಡು ಕಡೆ ಕೈಗೆ ತಡೆ ಸಿಗ್ತಿತ್ತು, ನಡುವೆ ಸಲೀಸು. ಸ್ಟೇರಿಂಗ್ ಈಗ ಯಾವ ಕೋನದಲ್ಲಿದೆ ಅಂತ ಪಂಪ್‌ಗೆ ಹೆಂಗೆ ಗೊತ್ತಾಗ್ಬೇಕು? ಅದು ಕೆಟ್ಟಿದ್ರೆ ಸುತ್ತಿನ ಉದ್ದಕ್ಕೂ ಬಿಗಿ ಇರ್ಬೇಕಿತ್ತು. ಒಂದು ಸುತ್ತಲ್ಲಿ ಎರಡು ಸಲ ಹಿಡ್ಕೊಳ್ಳೋದು ಯೂನಿವರ್ಸಲ್ ಜಾಯಿಂಟ್‌ನ ಗುಣ, ಅಂದ್ರೆ ಓರೆಯಾಗಿ ಸೇರೋ ಎರಡು ರಾಡ್‌ಗಳನ್ನ ಜೋಡಿಸೋ ಕೀಲು. ಸ್ಟೇರಿಂಗ್ ರಾಡ್ ಕೆಳಗೆ ಕೈ ಹಾಕಿ ನೋಡಿದ್ರೆ ಜಾಯಿಂಟ್ ತುಕ್ಕು ಹಿಡಿದು ಒಣಗಿ ಕೂತಿತ್ತು.

ಅವತ್ತಿಂದ ನನಗೆ ಈ ವ್ಯವಸ್ಥೆ ಮೇಲೆ ವಿಪರೀತ ಪ್ರೀತಿ, ಅದ್ರಲ್ಲೂ ಅದರೊಳಗಿರೋ ಒಂದು ಕಡ್ಡಿ ಮೇಲೆ. ಅದರ ಹೆಸರು ಟಾರ್ಷನ್ ಬಾರ್, ಹೆಚ್ಚುಕಮ್ಮಿ ಪೆನ್ಸಿಲ್ ದಪ್ಪದ ಸ್ಪ್ರಿಂಗ್ ಉಕ್ಕು. ಮೇಲಿನ ತುದಿ ನಿಮ್ಮ ಕೈಯಲ್ಲಿರೋ ಸ್ಟೇರಿಂಗ್ ಕಡೆಗೆ, ಕೆಳಗಿನ ತುದಿ ಚಕ್ರದ ಕಡೆಗೆ. ರಸ್ತೆ ಮೇಲೆ ಒತ್ತಿ ಕೂತಿರೋ ಟೈರು ಅಷ್ಟು ಸುಲಭಕ್ಕೆ ಜಗ್ಗಲ್ಲ, ನೀವು ಮಾತ್ರ ತಿರುಗಿಸ್ತಿದ್ದೀರಿ, ಹಂಗಾಗಿ ನಡುವಿನ ಕಡ್ಡಿ ಕೆಲವೇ ಡಿಗ್ರಿ ತಿರುಚಿಕೊಳ್ಳತ್ತೆ, ಒದ್ದೆ ಟವೆಲ್ ಹಿಂಡಿದ ಹಾಗೆ. ಕಡ್ಡಿ ಸುತ್ತ ಒಂದರೊಳಗೊಂದು ಕೂತ ಎರಡು ಕೊಳವೆ, ಎರಡಕ್ಕೂ ಸೀಳುಗಳು. ಕಡ್ಡಿ ತಿರುಚಿದಷ್ಟೂ ಸೀಳುಗಳು ಒಂದಕ್ಕೊಂದು ಸರಿದು ಆಯಿಲ್ ಎಡಕ್ಕೋ ಬಲಕ್ಕೋ ನುಗ್ಗತ್ತೆ, ಕಾಲುವೆಯ ತೂಬು ಎತ್ತಿದ ಹಾಗೆ, ಚಕ್ರ ತಿರುಗಿಸೋ ಅಡ್ಡ ಸರಳನ್ನ (ರ್‍ಯಾಕ್) ತಳ್ಳತ್ತೆ. ಈ ಜೋಡಿ ಕೊಳವೆಯೇ ವಾಲ್ವ್. ಇನ್ನೊಂದು ಥರ ಹೇಳ್ತೀನಿ. ಭಾರದ ಗಾಡಿ ತಳ್ಳೋವಾಗ ಹಿಂದೆ ಒಬ್ಬ ನಿಂತು ನಿಮ್ಮ ತೋಳನ್ನೇ ನೋಡ್ತಿದ್ದಾನೆ ಅಂದ್ಕೊಳ್ಳಿ, ತೋಳು ಬಿಗಿಯಾದಷ್ಟೂ ಅವನೂ ತಳ್ತಾನೆ, ನೀವು ಬಿಟ್ಟ ತಕ್ಷಣ ಅವನೂ ಬಿಡ್ತಾನೆ. ಚಕ್ರ ತಿರುಗಿತು, ಕಡ್ಡಿ ನೆಟ್ಟಗಾಯ್ತು, ಸೀಳುಗಳು ಮೊದಲಿನ ಜಾಗಕ್ಕೆ ಬಂದವು, ಸಹಾಯ ನಿಂತಿತು. ಪಂಪ್ ಬರೀ ಶಕ್ತಿ ಕೊಡತ್ತೆ, ಎಷ್ಟು, ಯಾವ ಕಡೆಗೆ ಅಂತ ತೀರ್ಮಾನ ಮಾಡೋದು ಈ ಕಡ್ಡಿ!

ಇದರ ಹಿಂದಿನ ಕಥೆಯೂ ಚೆನ್ನಾಗಿದೆ. ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್, ಭಾರೀ ಟ್ರಕ್ ತಿರುಗಿಸೋ ಕಷ್ಟ ಕಣ್ಣಾರೆ ಕಂಡಿದ್ದ, 1926ರ ಹೊತ್ತಿಗೆ ಕಾರೊಂದಕ್ಕೆ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ನಡೆಯೋ) ಸ್ಟೇರಿಂಗ್ ಜೋಡಿಸಿ ಓಡಿಸಿಯೂ ತೋರಿಸಿದ. ಸದಾ ಒತ್ತಡದಲ್ಲಿರೋ ಆಯಿಲ್ ಎಲ್ಲೆಲ್ಲೋ ಸೋರೋದು ಆಗಿನ ದೊಡ್ಡ ತಲೆನೋವು. ಡೇವಿಸ್ ವಾಲ್ವನ್ನ ಸಾಮಾನ್ಯವಾಗಿ ತೆರೆದೇ ಇಟ್ಟ, ಆಯಿಲ್ ಸುಮ್ನೆ ಸುತ್ತುತ್ತಾ ಇರಲಿ, ತಿರುಗಿಸಿದಾಗ ಮಾತ್ರ ಒತ್ತಡ ಏರಲಿ ಅಂತ. ಜನರಲ್ ಮೋಟಾರ್ಸ್ ಆಸಕ್ತಿ ತೋರಿಸಿ, ಆರ್ಥಿಕ ಕುಸಿತದ ಕಾಲದಲ್ಲಿ ಖರ್ಚು ಜಾಸ್ತಿ ಅಂತ ಕೈಬಿಡ್ತು. ಕೊನೆಗೆ 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಲ್ಲಿ ಇದು ಮಾರಾಟಕ್ಕೆ ಬಂತು. ಕಾಲು ಶತಮಾನ ಕಾದ ಐಡಿಯಾ ಇದು!

ಇಷ್ಟು ಗೊತ್ತಿದ್ರೆ ಕಾಯಿಲೆ ಹುಡುಕೋದು ಸುಲಭ. ಮೊದಲು ಟೈರಿನ ಗಾಳಿ ನೋಡಿ, ಗಾಳಿ ಕಮ್ಮಿ ಇದ್ರೂ ಸ್ಟೇರಿಂಗ್ ಬಿಗಿಯಾಗತ್ತೆ, ಎಷ್ಟೋ ಜನ ಇದನ್ನೇ ನೋಡಲ್ಲ. ಆಮೇಲೆ ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ (ಬರೀ ಜಾಕ್ ನಂಬಬೇಡಿ), ಎಂಜಿನ್ ಆಫ್ ಮಾಡಿ ಕೀ ಲಾಕ್ ಬಿಡಿಸಿ ತಿರುಗಿಸಿ ನೋಡಿ. ಆಗಲೂ ಎಲ್ಲೋ ಹಿಡ್ಕೊಂಡ್ರೆ ತೊಂದ್ರೆ ಜಾಯಿಂಟ್, ಬೇರಿಂಗ್, ಇಲ್ಲಾ ರ್‍ಯಾಕ್‌ನಲ್ಲಿದೆ, ಪಂಪ್ ಮುಟ್ಟೋದೇ ಬೇಡ. ಒಂದೇ ಕಡೆಗೆ ಬಿಗಿ ಅಂದ್ರೆ ವಾಲ್ವ್ ಅಥವಾ ರ್‍ಯಾಕ್ ಸೀಲ್ ಮೇಲೆ ಅನುಮಾನ, ಯಾಕಂದ್ರೆ ಎರಡೂ ಕಡೆಗೆ ಪಂಪ್ ಒಂದೇ. ಎರಡೂ ಕಡೆ ಬಿಗಿ, ಆಕ್ಸಿಲರೇಟರ್ ಒತ್ತಿದ್ರೆ ಹಗುರ ಆಗತ್ತಾ? ಬೆಲ್ಟ್ ಸಡಿಲ ಇರ್ಬಹುದು, ಪಂಪ್ ಸವೆದಿರ್ಬಹುದು, ಈ ಕೇಸಲ್ಲಿ ಮಾತ್ರ ಪಂಪ್ ಮೇಲಿನ ಆರೋಪಕ್ಕೆ ಅರ್ಥ ಇದೆ, ಆದ್ರೂ ಬೆಲ್ಟ್ ಮೊದಲು ನೋಡಿ.

"ಆಯಿಲ್ ಖರ್ಚಾಗತ್ತೆ, ಆಗಾಗ ಹಾಕ್ತಿರ್ಬೇಕು" ಅನ್ನೋ ಮಾತು ಕೇಳಿದ್ರೆ ನನಗೆ ನಿಜಕ್ಕೂ ಬೇಜಾರಾಗತ್ತೆ. ಅದೇನು ಪೆಟ್ರೋಲಾ ಉರಿದು ಹೋಗೋಕೆ? ಕಮ್ಮಿ ಆಗಿದ್ರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ನೆಲದ ಮೇಲೆ ಕಲೆ ಇಲ್ವಲ್ಲ ಅಂತೀರಾ, ರ್‍ಯಾಕ್ ತುದಿಯ ರಬ್ಬರ್ ಬೂಟ್ ಹಿಸುಕಿ ನೋಡಿ, ಒಳಗೆ ಆಯಿಲ್ ತುಂಬಿ ಗುಳುಗುಳು ಅನ್ನತ್ತೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲನ್ನೇ ಹಾಕಿ, ಬ್ರೇಕ್ ಆಯಿಲ್ ಅಂತೂ ಯಾವತ್ತೂ ಬೇಡ, ಸೀಲುಗಳೆಲ್ಲ ಊದಿ ಹಾಳಾಗ್ತವೆ. ಡಬ್ಬಿಯಲ್ಲಿ ಹಾಲಿನ ಥರ ನೊರೆ ಇದ್ದು ಗುಂಯ್ ಅಂತ ಸದ್ದು ಬಂದ್ರೆ ಒಳಗೆ ಗಾಳಿ ಸೇರಿದೆ. ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು, ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ 15-20 ಸಲ ತಿರುಗಿಸಿ, ಗುಳ್ಳೆ ಒಂದೊಂದಾಗಿ ಮೇಲೆ ಬರತ್ತೆ, ಮಟ್ಟ ಇಳಿದಂತೆ ಆಯಿಲ್ ತುಂಬ್ತಾ ಹೋಗಿ. ಅವಸರ ಮಾಡಿದ್ರೆ ಮತ್ತೆ ನೊರೆ.

ಪೂರ್ತಿ ತಿರುಗಿಸಿದಾಗ ಬರೋ ಸುಯ್ ಸದ್ದಿಗೆ ಹೆದರಬೇಡಿ, ಅದು ಒತ್ತಡ ಇಳಿಸೋ ವಾಲ್ವ್. ಆದ್ರೆ ಅಲ್ಲೇ ಹಿಡ್ಕೊಂಡು ಕೂತ್ರೆ ಆಯಿಲ್ ಕಾದು ಪಂಪ್ ಸವೆಯತ್ತೆ.

ಈಗಿನ ಎಲೆಕ್ಟ್ರಿಕ್ ಸ್ಟೇರಿಂಗ್‌ನಲ್ಲಿ ಆಯಿಲ್ ಇಲ್ಲ, ಪಂಪೂ ಇಲ್ಲ, ಸಹಾಯ ಮಾಡೋದು ಮೋಟಾರ್, ಬಿಗಿಯಾದ್ರೆ ಮೊದಲು ಬ್ಯಾಟರಿ ವೋಲ್ಟೇಜ್ ನೋಡಿ, ಟರ್ಮಿನಲ್ ಸಡಿಲ ಇದ್ರೂ ಮೋಟಾರ್ ಕೈ ಕೊಡತ್ತೆ. ನಿಂತ ಜಾಗದಲ್ಲೇ ಹತ್ತಾರು ಸಲ ತಿರುಗಿಸಿ ಬಿಸಿ ಮಾಡಿದ್ರೂ ಅದು ಸಹಾಯ ತಗ್ಗಿಸತ್ತೆ, ಆರಿದ ಮೇಲೆ ತಾನಾಗೇ ಸರಿಹೋಗತ್ತೆ. ಖುಷಿಯ ವಿಷಯ ಅಂದ್ರೆ ಇದರಲ್ಲೂ ಸಾಮಾನ್ಯವಾಗಿ ನಮ್ಮ ಕಡ್ಡಿ ಇದ್ದೇ ಇದೆ, ಈಗ ಅದರ ತಿರುಚು ಅಳೆಯೋಕೆ ಸೀಳಿನ ಬದಲು ಸೆನ್ಸರ್ ಕೂತಿದೆ ಅಷ್ಟೇ.