ಯುದ್ಧದ ಗಾಯವನ್ನು ಅಂದೇ ಏಕೆ ಹೊಲಿಯಬಾರದು?

ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಉತ್ತರ ಕಿವು ಪ್ರಾಂತ್ಯದಲ್ಲಿ ಶಸ್ತ್ರವೈದ್ಯನಾಗಿ ಕೆಲಸ ಮಾಡಿದ ನನಗೆ, ಗುಂಡಿಗಿಂತಲೂ ದಾರಿಯಲ್ಲಿ ಕಳೆದುಹೋಗುವ ಹೊತ್ತೇ ಹೆಚ್ಚು ಭಯ ಹುಟ್ಟಿಸಿತು. ಅಲ್ಲಿನ ಮಾಸಿಸಿ ಪಟ್ಟಣದಿಂದ ಪ್ರಾಂತ್ಯದ ರಾಜಧಾನಿ ಗೋಮಾಕ್ಕೆ ಸುಮಾರು 80 ಕಿಲೋಮೀಟರ್ ದೂರವಿದೆ. ಆದರೆ ಮಳೆಗಾಲದ ಕೆಸರು, ಸಶಸ್ತ್ರ ಗುಂಪುಗಳ ತಡೆಗಳು, ಕತ್ತಲಾದ ಮೇಲೆ ಸಂಚರಿಸಲಾಗದ ಸ್ಥಿತಿ ಇವೆಲ್ಲ ಸೇರಿ, ಸಂಜೆ ಗುಂಡೇಟು ತಿಂದವನು ಮರುದಿನವೋ ಮೂರನೆಯ ದಿನವೋ ನಮ್ಮನ್ನು ತಲುಪುತ್ತಿದ್ದನು. ಮೋಟಾರ್‌ಬೈಕಿನಲ್ಲಿ ಸವಾರನಿಗೂ ಬಂಧುವಿಗೂ ನಡುವೆ ಕುಳಿತು ಬಂದವರನ್ನೂ, ಊರವರು ಬೆಟ್ಟ ಇಳಿಸಿ ಹೊತ್ತು ತಂದವರನ್ನೂ ನಾನು ನೋಡಿದ್ದೇನೆ.

ಚಿಕಿತ್ಸೆಯ ಕ್ರಮವನ್ನು ನಿರ್ಧರಿಸುವುದು ಈ ವಿಳಂಬವೇ. ಸೇನಾ ರೈಫಲ್ಲಿನ ಗುಂಡು ಅತಿವೇಗದಿಂದ ದೇಹದೊಳಗೆ ಸಾಗುವಾಗ ಸುತ್ತಲಿನ ಸ್ನಾಯುವನ್ನು ಕ್ಷಣಕಾಲ ಹೊರಕ್ಕೆ ತಳ್ಳುವುದರಿಂದ, ಚರ್ಮದ ಮೇಲಿನ ತೂತು ಚಿಕ್ಕದಾಗಿದ್ದರೂ ಒಳಗೆ ಸತ್ತ ಅಂಗಾಂಶ, ಬಟ್ಟೆಯ ಚೂರು, ಮಣ್ಣು, ಮೂಳೆಯ ತುಣುಕು ಉಳಿದಿರುತ್ತವೆ. ಅಂಥ ಗಾಯವನ್ನು ಹೊಲಿದು ಮುಚ್ಚಿದರೆ, ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ಕ್ಲಾಸ್ಟ್ರೀಡಿಯಮ್ ರೋಗಾಣುಗಳಿಗೆ ನಾವೇ ನೆಲೆ ಒದಗಿಸಿದಂತಾಗುತ್ತದೆ. ಸ್ನಾಯುವನ್ನು ಕೊಳೆಸಿ ಒಳಗೆ ಅನಿಲ ತುಂಬಿಸುವ ಗ್ಯಾಸ್ ಗ್ಯಾಂಗ್ರೀನ್ ಎಂಬ ಸೋಂಕು ಹಬ್ಬಿದರೆ ಕಾಲಷ್ಟೇ ಅಲ್ಲ, ಪ್ರಾಣವೂ ಹೋಗಬಹುದು. ಆದ್ದರಿಂದ ಗಾಯವನ್ನು ಅಗಲವಾಗಿ ತೆರೆದು, ಸ್ನಾಯುವಿನ ಬಣ್ಣ, ಗಟ್ಟಿತನ, ಮುಟ್ಟಿದಾಗ ಸಂಕುಚಿಸುವ ಗುಣ, ಕತ್ತರಿಸಿದಾಗ ರಕ್ತ ಜಿನುಗುವಿಕೆ ಈ ನಾಲ್ಕನ್ನೂ ಪರೀಕ್ಷಿಸಿ, ಜೀವವಿಲ್ಲದ್ದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಬಳಿಕ ಚೆನ್ನಾಗಿ ತೊಳೆದು ದಪ್ಪ ಪಟ್ಟಿಯನ್ನು ಕಟ್ಟಿ, ತೆರೆದೇ ಬಿಡಬೇಕು. ಜ್ವರ, ದುರ್ವಾಸನೆ, ಹೆಚ್ಚುವ ನೋವು ಇಲ್ಲದಿದ್ದರೆ ನಡುವೆ ಪಟ್ಟಿ ಬಿಚ್ಚದೆ, ನಾಲ್ಕೈದು ದಿನಗಳ ನಂತರ ಗಾಯ ಶುದ್ಧವಾಗಿ ಕಂಡರೆ ಮಾತ್ರ ಹೊಲಿಯಬೇಕು. ಮುಖದ ಗಾಯದಂಥ ಕೆಲವು ಅಪವಾದಗಳಿವೆ.

ಇದನ್ನು ಮನೆಯವರಿಗೆ ಒಪ್ಪಿಸುವುದು ಶಸ್ತ್ರಕ್ರಿಯೆಗಿಂತ ಕಠಿಣ. ಮಗನ ತೊಡೆ ತೆರೆದೇ ಇದೆ, ಗುಂಡನ್ನೂ ತೆಗೆದಿಲ್ಲ ಎಂದಾಗ ವೈದ್ಯ ಕೈಬಿಟ್ಟನೆಂದೇ ತಾಯಿ ಭಾವಿಸುತ್ತಾಳೆ. ಕೀಲಿನೊಳಗೆ ಸಿಕ್ಕಿಕೊಳ್ಳದ, ರಕ್ತನಾಳಕ್ಕೆ ತೊಂದರೆ ಕೊಡದ ಗುಂಡು ಅಲ್ಲೇ ಉಳಿದರೂ ಸಾಮಾನ್ಯವಾಗಿ ಹಾನಿಯಿಲ್ಲ, ಅದನ್ನು ಹುಡುಕಿ ಕೆದಕುವುದೇ ಹೆಚ್ಚು ಹಾನಿಕರ ಎಂಬುದನ್ನು ಸ್ಥಳೀಯ ದಾದಿಯರು ಸ್ವಾಹಿಲಿಯಲ್ಲಿ ತಾಳ್ಮೆಯಿಂದ ವಿವರಿಸುತ್ತಿದ್ದರು. ಆ ಕುಟುಂಬಗಳು ನಂಬುತ್ತಿದ್ದುದು ಅವರನ್ನು. ಅವರ ಮೂಲಕವೇ ನಮ್ಮನ್ನು.

ಇದೇ ದಾರಿಯಲ್ಲಿ ಹೆರಿಗೆ ನಿಂತುಹೋದ ಗರ್ಭಿಣಿಯರೂ, ಮಲೇರಿಯಾದ ಮಾರಕ ಬಗೆಯಾದ ಫಾಲ್ಸಿಪಾರಮ್‌ನಿಂದ ಎಚ್ಚರ ತಪ್ಪಿದ ಮಕ್ಕಳೂ ತಡವಾಗಿ ಬರುತ್ತಿದ್ದರು. ಯಾರೂ ಅವರಿಗೆ ಗುಂಡು ಹಾರಿಸಿರಲಿಲ್ಲ. ಆದರೂ ಅವರನ್ನು ಯುದ್ಧದ ಗಾಯಾಳುಗಳೆಂದೇ ನಾನು ಎಣಿಸುತ್ತೇನೆ.

ಆಸ್ಪತ್ರೆಯೊಳಗೆ ಆಯುಧ ಬರಬಾರದೆಂಬ ನಿಯಮವನ್ನು ಬಾಗಿಲಲ್ಲಿ ಒಮ್ಮೆ ಸಡಿಲಿಸಿದರೂ, ಎದುರು ಪಕ್ಷದವರು ಆಸ್ಪತ್ರೆಯನ್ನೇ ಶತ್ರುವಿನ ನೆಲೆಯೆಂದು ಭಾವಿಸುವ ಅಪಾಯವಿದೆ. ಗಾಯಗೊಂಡು ಹೋರಾಟದಿಂದ ಹೊರಗುಳಿದ ಸೈನಿಕನಿಗೂ 1949ರ ಜಿನೀವಾ ಒಪ್ಪಂದಗಳ ರಕ್ಷಣೆಯಿದೆ. ಆದ್ದರಿಂದ ಯಾವ ಗುಂಪಿನವನೆಂದು ನೋಡದೆ, ಗಾಯದ ತೀವ್ರತೆಯನ್ನು ನೋಡಿ ಸರದಿ ನಿರ್ಧರಿಸುತ್ತಿದ್ದೆವು. 2012ರ ನವೆಂಬರಿನಲ್ಲಿ ಕೆಲವು ದಿನ ಗೋಮಾವನ್ನು ಹಿಡಿದಿದ್ದ ಎಂ23 ಬಂಡುಕೋರರು 2025ರ ಜನವರಿಯಲ್ಲಿ ಅದನ್ನು ಮತ್ತೆ ವಶಪಡಿಸಿಕೊಂಡಾಗ, ಅಲ್ಲಿನ ಆಸ್ಪತ್ರೆಗಳು ಗಾಯಾಳುಗಳಿಂದ ತುಂಬಿ ತುಳುಕಿದವು, ವಿಮಾನ ನಿಲ್ದಾಣ ಮುಚ್ಚಿಹೋಯಿತು. ಹೊರಗಿನ ನೆರವು ಬರುವವರೆಗೆ ಹೊರೆ ಹೊತ್ತವರು ಸ್ಥಳೀಯ ವೈದ್ಯರು ಮತ್ತು ದಾದಿಯರು.

ಇಂಥ ಕಡೆ ಹೋಗಬಯಸುವ ನಮ್ಮ ಯುವ ಶಸ್ತ್ರವೈದ್ಯರು ಒಂದೇ ಅಂಗದ ಪರಿಣತಿಯನ್ನು ನೆಚ್ಚಿಕೊಳ್ಳದೆ, ಸಿಸೇರಿಯನ್ ಹೆರಿಗೆ, ಮುರಿದ ಮೂಳೆಗೆ ಹೊರಗಿನಿಂದ ಸರಳು ಜೋಡಿಸುವ ವಿಧಾನ, ಸುಟ್ಟಗಾಯಕ್ಕೆ ಚರ್ಮ ಕಸಿ, ಉಪಕರಣಗಳು ಕಡಿಮೆಯಿದ್ದಾಗಲೂ ಕೆಟಮಿನ್ ಅರಿವಳಿಕೆಯ ಬಳಕೆ ಇವನ್ನು ಕಲಿತು ಹೊರಡಬೇಕು. ಅಲ್ಲಿಗೆ ತಲುಪಿದ ಮೇಲೆ, ಹಲವು ವರ್ಷಗಳಿಂದ ಅಂಥ ಗಾಯಗಳನ್ನು ನೋಡಿರುವ ದಾದಿಯೊಬ್ಬರ ಪಕ್ಕದಲ್ಲಿ ನಿಂತು ಮೊದಲ ವಾರಗಳನ್ನು ಕಳೆಯಬೇಕು.