ಹಲವು ಭಾಷೆಯ ಸಭೆಯಲ್ಲಿ ಆರಾಧನೆ: ಜೊತೆಗೆ ಓದುವವರಿಗೆ ಟಿಪ್ಪಣಿ

ಈ ಪಾಠಕ್ಕೆ ಮೊದಲು ಓದಬೇಕಾದದ್ದು ನೈರೋಬಿ ಹೇಳಿಕೆ. ಲೂಥರನ್ ವಿಶ್ವ ಒಕ್ಕೂಟದ ಅಧ್ಯಯನ ತಂಡ 1996ರಲ್ಲಿ ಕೀನ್ಯಾದ ನೈರೋಬಿಯಲ್ಲಿ ಸೇರಿ ಬರೆದದ್ದು. ಚಿಕ್ಕದು, ಒಂದೇ ಸಲ ಕೂತು ಓದಿ ಮುಗಿಸಬಹುದು.

ಆರಾಧನೆಗೂ ಸಂಸ್ಕೃತಿಗೂ ನಾಲ್ಕು ಬಗೆಯ ನಂಟಿದೆ ಅನ್ನುತ್ತದೆ ಅದು. ದೀಕ್ಷಾಸ್ನಾನ, ದೇವರ ವಾಕ್ಯ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನ ಇವು ಎಲ್ಲ ಕಡೆಯೂ ಒಂದೇ. ಭಾಷೆ, ರಾಗ, ಉಡುಪು ಆಯಾ ಊರಿಗೆ ತಕ್ಕಂತೆ. ಕೆಲವು ಕಡೆ ಆರಾಧನೆ ಊರಿನ ರೂಢಿಗೆ ಎದುರು ನಿಲ್ಲಬೇಕು. ನಮ್ಮ ದೇಶದಲ್ಲಿ ಪ್ರಭುಭೋಜನದಲ್ಲಿ ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುವುದು ಜಾತಿಗೆ ಕೊಟ್ಟ ಉತ್ತರವೇ ಅಲ್ವಾ? ನಾಲ್ಕನೆಯದು, ಒಂದು ಸಂಸ್ಕೃತಿಯ ಒಳ್ಳೆಯದನ್ನು ಇನ್ನೊಂದು ಮನಸಾರೆ ತೆಗೆದುಕೊಳ್ಳುವುದು. ನನಗೆ ಜಾಸ್ತಿ ಹೇಳಬೇಕಾಗಿರುವುದು ಇದರ ಬಗ್ಗೆಯೇ.

ಇದಕ್ಕೆ ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆ ಇದೆ. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿತು. ಆಂಗ್ಲಿಕನ್, ಮೆಥೋಡಿಸ್ಟ್ ಮುಂತಾದ, ಹೊರಗಿನಿಂದ ಬಂದ ಸಂಪ್ರದಾಯಗಳು ಸೇರಿ ಆದ ಸಭೆ. ಆದರೆ 1950ರಲ್ಲಿ ಅದು ತಂದ ಪ್ರಭುಭೋಜನದ ಕ್ರಮದಲ್ಲಿ ಒಬ್ಬರಿಗೊಬ್ಬರು ಸಮಾಧಾನ ಹೇಳುವ, ಅಂದರೆ ಶಾಂತಿ ಹಾರೈಸುವ ರೀತಿ ಇದೆಯಲ್ಲ, ಅದು ಕೇರಳದ ಹಳೆಯ ಕ್ರೈಸ್ತ ಸಮುದಾಯವಾದ ಸಿರಿಯನ್ ಕ್ರೈಸ್ತರಿಂದ ಬಂದದ್ದು. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗುತ್ತದೆ, ಇಬ್ಬರೂ ಎಡಗೈಯಿಂದ ಇನ್ನೊಬ್ಬರ ಬಲಗೈಯನ್ನು ಮುಚ್ಚುತ್ತಾರೆ, ಆಮೇಲೆ ಅದು ಸಾಲಿಂದ ಸಾಲಿಗೆ ಹೋಗುತ್ತದೆ. ತಮಿಳಿನವರು, ತೆಲುಗಿನವರು, ಕನ್ನಡದವರು, ಯಾರಿಗೂ ಅನುವಾದ ಬೇಕಿಲ್ಲ. ಹಂಚಿಕೊಂಡದ್ದು ಹೀಗೆ ಎಲ್ಲರದ್ದೂ ಆಗಬೇಕು.

ನಮ್ಮ ಬಹುಪಾಲು ಸಂಯುಕ್ತ ಆರಾಧನೆಗಳಲ್ಲಿ ಹೀಗಾಗುವುದಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಇಂಗ್ಲಿಷ್, ಆಮೇಲೆ ಕನ್ನಡ, ಸಂಜೆ ತಮಿಳು ಅಂತ ಪಾಳಿ ಇರುತ್ತದೆ, ವರ್ಷಕ್ಕೊಮ್ಮೆ ಸುಗ್ಗಿ ಹಬ್ಬಕ್ಕೋ ಮತ್ತೊಂದಕ್ಕೋ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಆಗ ಭಾಷೆಗೊಂದು ಹಾಡು ಹಂಚಿಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಕ್ರಮ ಬರೆದವರು ಯಾರು, ಪ್ರಸಂಗ (ಉಪದೇಶ) ಯಾವ ಭಾಷೆಯಲ್ಲಿ, ಕಮಿಟಿಯಲ್ಲಿ ಯಾರಿದ್ದಾರೆ ಅಂತ ಯಾರೂ ಕೇಳುವುದಿಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆಯಿರಿ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಅನ್ಯಾಯ ಆಗುತ್ತಿದೆ ಎಂಬ ಗುಣುಗುಟ್ಟುವಿಕೆ ಎದ್ದಿತು. ಇದನ್ನು ಸರಿಪಡಿಸಲು ಸಭೆ ಆರಿಸಿದ ಏಳು ಜನರ ಹೆಸರು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಏಳೂ ಗ್ರೀಕ್ ಹೆಸರುಗಳೇ! ದೂರು ಯಾರ ಕಡೆಯಿಂದ ಬಂತೋ, ಹಂಚುವ ಜವಾಬ್ದಾರಿ ಬಹುಶಃ ಅವರ ಕೈಗೇ ಹೋಯಿತು. ಬೆರೆತ ಸಭೆಯ ಆತ್ಮಿಕ ಜೀವನ ಗಟ್ಟಿಯಾಗುವುದು ಇಲ್ಲಿಂದ ಅಂತ ನಾನು ನಂಬುತ್ತೇನೆ. ಹಾಡು ಆಮೇಲೆ ಬರಲಿ.

ಹಾಡಿಗೂ ಒಂದೆರಡು ಮಾತು. ಅರ್ಥ ಗೊತ್ತಿಲ್ಲದ ಪ್ರಾರ್ಥನೆಗೆ ಪಕ್ಕದವನು ಆಮೆನ್ ಹೇಳುವುದು ಹೇಗೆ ಅಂತ ಪೌಲ ಕೇಳುತ್ತಾನೆ (1 ಕೊರಿಂಥ 14:16). ಆದ್ದರಿಂದ ತಮಿಳು ಹಾಡನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿ, ಕೆಳಗೆ ಅರ್ಥ ಕೊಡಿ. ಉದ್ದದ ಕೀರ್ತನೆ ಬೇಡ, ಒಂದೆರಡು ಸಾಲಿನದ್ದು ಸಾಕು. ಫ್ರಾನ್ಸಿನ ತೇಜೆ ಎಂಬ ಕ್ರೈಸ್ತ ಸಮುದಾಯದಲ್ಲಿ ಹಲವು ದೇಶದ ಯುವಜನ ಒಟ್ಟಿಗೆ ಹಾಡುವುದು ಹೀಗೇ, ಚಿಕ್ಕ ಸಾಲನ್ನೇ ಮತ್ತೆ ಮತ್ತೆ ಹೇಳುತ್ತಾ.

ಕರ್ತನ ಪ್ರಾರ್ಥನೆಯನ್ನು ಅವರವರ ಭಾಷೆಯಲ್ಲಿ ಒಟ್ಟಿಗೆ ಹೇಳುವುದಾದರೆ ಮೈಕನ್ನು ಒಬ್ಬರ ಬಾಯಿಗೇ ಹಿಡಿಯಬೇಡಿ, ಉಳಿದವರ ದನಿ ಅಡಗಿಹೋಗುತ್ತದೆ. ಮೈಕ್ ಆಫ್ ಮಾಡಿ, ನಿಧಾನಕ್ಕೆ ಹೇಳಿ. ಒಂದು ಭಾಷೆಯವರು ಮೊದಲೇ ಮುಗಿಸಿದರೆ ಉಳಿದವರಿಗಾಗಿ ಕಾಯಲಿ.